‘ಬರೋದಿಲ್ಲ ಸಾರ್’ ಎನ್ನಲು ಹೆದರುವ ತರಗತಿ

ಹದಿನೇಳಕ್ಕೆ ಇಪ್ಪತ್ತೈದನ್ನು ಕೂಡುವ ಮಗು ಬಿಡಿಗಳನ್ನು ಮೊದಲು ಕೂಡಿ, ಬಂದ ಹನ್ನೆರಡರಲ್ಲಿ ಎರಡನ್ನು ಬರೆದು, ಉಳಿದ ದಶಕವನ್ನು ಮನಸ್ಸಿನಲ್ಲಿ ಹಿಡಿದುಕೊಂಡು ಮುಂದಿನ ಮನೆಗೆ ಹೋಗಬೇಕು. ಹಾಗೆ ಹಿಡಿದುಕೊಳ್ಳುವ ಜಾಗ ಎಂಥ ಜಾಣರ ತಲೆಯಲ್ಲೂ ಇಕ್ಕಟ್ಟೇ. ಮೇಜಿನ ಮೇಲೆ ಕೋಲಿದ್ದರೆ ಆ ಇಕ್ಕಟ್ಟಿಗೆ ಅದರ ಭಯವೂ ನುಗ್ಗುತ್ತದೆ. ದಶಕ ಜಾರುತ್ತದೆ, ಲೆಕ್ಕ ತಪ್ಪುತ್ತದೆ, ಏಟು ಬೀಳುತ್ತದೆ. ಇದಕ್ಕಿಂತ ದೊಡ್ಡ ನಷ್ಟ ಮಾರನೆಯ ದಿನದ್ದು. ಅರ್ಥವಾಗದಿದ್ದರೂ ಆ ಮಗು ತಲೆಯಾಡಿಸುತ್ತದೆ, ಪಕ್ಕದವರ ಪುಸ್ತಕ ನೋಡಿ ಬರೆದುಕೊಳ್ಳುತ್ತದೆ, ಹೋಂವರ್ಕ್ ಆಗದ ಬೆಳಿಗ್ಗೆ ಹೊಟ್ಟೆನೋವೆಂದು ಮನೆಯಲ್ಲೇ ಉಳಿಯುತ್ತದೆ. ತನ್ನ ಮುಂದೆ ಕುಳಿತವರಿಗೆ ಏನು ಬರುವುದಿಲ್ಲ ಎಂಬುದು ಕಲಿಸುವವರಿಗೆ ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ ಸಂಗತಿ. ಕೋಲು ಮುಚ್ಚಿಹಾಕುವುದು ಅದನ್ನೇ. ಶಾಲೆಯ ಹಿಂಸೆಯನ್ನು ನಾವು ಮಕ್ಕಳ ಹಕ್ಕಿನ ಪ್ರಶ್ನೆಯೆಂದು ನೋಡುತ್ತೇವೆ, ಅದು ಸರಿಯೇ. ಆದರೆ ಅದು ಪಾಠದ ಪ್ರಶ್ನೆಯೂ ಹೌದು.

ಕಾನೂನಿನಲ್ಲಿ ಗೊಂದಲವಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆ ಕಾಯ್ದೆ ಬರುವ ಮೊದಲಿನ ರೂಢಿ ಬೇರೆಯೇ ಇತ್ತು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ, 13 ರಾಜ್ಯಗಳ ಅಧ್ಯಯನದಲ್ಲಿ ಶಾಲೆಗೆ ಹೋಗುವ ಪ್ರತಿ ಮೂವರಲ್ಲಿ ಇಬ್ಬರು ಏಟು ತಿಂದಿದ್ದೇವೆ ಎಂದಿದ್ದರು. ‘ಯಂಗ್ ಲೈವ್ಸ್’ ಎಂಬ ಅಧ್ಯಯನ ಇನ್ನೂ ಹತ್ತಿರದಿಂದ ನೋಡಿತು. ಇಥಿಯೋಪಿಯ, ಪೆರು, ವಿಯೆಟ್ನಾಂಗಳ ಜೊತೆಗೆ ಅವಿಭಜಿತ ಆಂಧ್ರಪ್ರದೇಶದ ಮಕ್ಕಳನ್ನು ಅದು ವರ್ಷಗಟ್ಟಲೆ ಹಿಂಬಾಲಿಸಿತು; ನಮ್ಮ ಪಾವಗಡ, ಬಳ್ಳಾರಿಗಳ ಮಗ್ಗುಲಲ್ಲೇ ಇರುವ ಅನಂತಪುರವೂ ಅದರಲ್ಲಿತ್ತು. ಕಳೆದ ಒಂದು ವಾರದಲ್ಲಿ ಏಟು ಬಿತ್ತೇ ಎಂದು ಕೇಳಿದಾಗ ಭಾರತದ ಎಂಟು ವರ್ಷದ ಮಕ್ಕಳಲ್ಲಿ ಶೇ. 78ರಷ್ಟು ಹೌದೆಂದರು. ವರ್ಷಕ್ಕೊಮ್ಮೆಯ ಮಾತಲ್ಲ ಇದು, ಒಂದು ವಾರದ್ದು. ಶಾಲೆ ಯಾಕೆ ಇಷ್ಟವಿಲ್ಲ ಎಂಬ ಪ್ರಶ್ನೆಗೆ ನಾಲ್ಕೂ ದೇಶಗಳ ಮಕ್ಕಳು ಕೊಟ್ಟ ಮೊದಲ ಕಾರಣ ಶಿಕ್ಷಕರ ಮತ್ತು ಸಹಪಾಠಿಗಳ ಹೊಡೆತ, ಬೈಗುಳ. ಪೆರುವಿನಲ್ಲಿ ಎಂಟನೇ ವಯಸ್ಸಿನಲ್ಲಿ ಏಟು ತಿಂದವರು ಹನ್ನೆರಡನೇ ವಯಸ್ಸಿಗೆ ಗಣಿತದಲ್ಲಿ ಹಿಂದೆ ಬಿದ್ದಿದ್ದರು.

ದಡ್ಡರಿಗೆ ತಾನೇ ಹೆಚ್ಚು ಏಟು ಬೀಳುವುದು, ಹಿಂದೆ ಬಿದ್ದದ್ದಕ್ಕೆ ಏಟೇ ಕಾರಣ ಎನ್ನುವುದು ಹೇಗೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೆಂದೇ ಸಂಶೋಧಕರು ಮನೆಯ ಸ್ಥಿತಿಯನ್ನೂ ಮಗು ಮೊದಲೇ ಗಳಿಸಿದ್ದ ಅಂಕಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಬಹುಪಾಲು ಮಕ್ಕಳು ಏಟು ತಿನ್ನುವ ನಮ್ಮಂಥ ಕಡೆ ಇಂಥ ಹೋಲಿಕೆಯೇ ಕಷ್ಟ, ತಿನ್ನದವರು ಸಿಗಬೇಕಲ್ಲ. ‘ಛಡಿ ಚಂ ಚಂ, ವಿದ್ಯೆ ಘಂ ಘಂ’ ಎಂಬುದು ಇನ್ನೊಂದು ವಾದ. ಪೆಟ್ಟು ತಿಂದೇ ನಾವು ಉದ್ಧಾರವಾದೆವು ಎನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ಅದೇ ಬೆತ್ತಕ್ಕೆ ಹೆದರಿ ನಾಲ್ಕನೇ ತರಗತಿಗೇ ಶಾಲೆ ಬಿಟ್ಟು ಕುರಿ ಕಾಯಲು, ಕೂಲಿಗೆ ಹೋದವರು ಸಾಕ್ಷಿ ಹೇಳಲು ಯಾವ ವೇದಿಕೆಗೂ ಬರುವುದೇ ಇಲ್ಲ. ಉದ್ಧಾರವಾದವರ ಮೇಷ್ಟ್ರೂ ಬರೀ ಹೊಡೆದಿರಲಾರರು. ಕಥೆ ಹೇಳಿರುತ್ತಾರೆ, ಸಂಜೆ ಕೂರಿಸಿಕೊಂಡು ತಿದ್ದಿರುತ್ತಾರೆ. ಆ ದುಡಿಮೆಯ ಕೀರ್ತಿಯನ್ನು ನಾವು ಬೆತ್ತಕ್ಕೆ ಕೊಟ್ಟುಬಿಟ್ಟಿದ್ದೇವೆ. ಇದು ಆ ಮೇಷ್ಟ್ರಿಗೇ ಅನ್ಯಾಯ.

ಶಿಕ್ಷಕರ ಆಕ್ಷೇಪಣೆ ಇವೆಲ್ಲಕ್ಕಿಂತ ಗಟ್ಟಿಯಾದದ್ದು. ಕೊಠಡಿ ತುಂಬ ಮಕ್ಕಳು, ಮುಗಿಸಬೇಕಾದ ಪಾಠ, ಮೇಲೆ ‘ಕಣ್ಣೊಂದು ಬಿಟ್ಟು ಎಲ್ಲಾದರೂ ಹೊಡೀರಿ’ ಎನ್ನುವ ಪೋಷಕರು. ಕೋಲು ಕಿತ್ತುಕೊಂಡರೆ ಕೈಯಲ್ಲಿ ಉಳಿಯುವುದೇನು? ಉಗಾಂಡದ ಲುವೆರೊ ಜಿಲ್ಲೆಯ 42 ಪ್ರಾಥಮಿಕ ಶಾಲೆಗಳಲ್ಲಿ ‘ರೈಸಿಂಗ್ ವಾಯ್ಸಸ್’ ಸಂಸ್ಥೆ ರೂಪಿಸಿದ ‘ಗುಡ್ ಸ್ಕೂಲ್ ಟೂಲ್‌ಕಿಟ್’ ಎಂಬ ಕಾರ್ಯಕ್ರಮವನ್ನು ಸಂಶೋಧಕರು ಪರೀಕ್ಷಿಸಿ, 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮಾರು ಒಂದೂವರೆ ವರ್ಷ ಶಿಕ್ಷಕರು, ಮಕ್ಕಳು, ಪೋಷಕರು ಕೂತು ಶಾಲೆಯ ನಿಯಮಗಳನ್ನು ತಾವೇ ಕಟ್ಟಿಕೊಂಡರು, ಹೊಡೆಯದೆ ತಿದ್ದುವ ದಾರಿಗಳನ್ನು ಅಭ್ಯಾಸ ಮಾಡಿದರು. ಕೊನೆಗೆ, ಕಳೆದ ವಾರ ಶಾಲೆಯ ಸಿಬ್ಬಂದಿಯಿಂದ ಹೊಡೆತ ತಿಂದೆವು ಎಂದವರು ಕಾರ್ಯಕ್ರಮ ನಡೆಯದ ಶಾಲೆಗಳಲ್ಲಿ ನೂರಕ್ಕೆ 49, ನಡೆದ ಶಾಲೆಗಳಲ್ಲಿ 31. ಕಿಕ್ಕಿರಿದ, ಬಡ ಶಾಲೆಗಳಲ್ಲೂ ಹೊಡೆತ ಇಳಿಯುತ್ತದೆ ಎಂದಾಯಿತು. ಆದರೆ ಆ ಅವಧಿಯಲ್ಲಿ ಪರೀಕ್ಷೆಯ ಅಂಕ ಏರಲಿಲ್ಲ, ಇದನ್ನು ಮುಚ್ಚಿಡಬಾರದು. ಕೋಲು ಹೋದ ಮಾತ್ರಕ್ಕೆ ಓದು ಬರುವುದಿಲ್ಲ. ಮಗು ‘ಬರೋದಿಲ್ಲ’ ಎಂದು ಬಾಯಿಬಿಟ್ಟ ಮೇಲೆ ಅದಕ್ಕೆ ಕಲಿಸುವ ವ್ಯವಸ್ಥೆಯೂ ಇರಬೇಕು.

ಅಂಥ ವ್ಯವಸ್ಥೆಯ ಒಂದು ಮಾದರಿ ನಮ್ಮಲ್ಲೇ ಹುಟ್ಟಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರೇ ಕೂಡಿ, ರಿಷಿವ್ಯಾಲಿ ಶಾಲೆಯ ಪ್ರಯೋಗ ನೋಡಿ ಬಂದು ಕಟ್ಟಿದ ನಲಿ-ಕಲಿ ಪದ್ಧತಿ ಇಂದು ರಾಜ್ಯದ ಸರ್ಕಾರಿ ಶಾಲೆಗಳ ಕೆಳತರಗತಿಗಳಲ್ಲಿದೆ. ಮಕ್ಕಳ ದಾಖಲೆ, ಕಾರ್ಡುಗಳ ಕೆಲಸದ ಹೊರೆ ಹೆಚ್ಚೆಂಬ ಶಿಕ್ಷಕರ ದೂರಿನಲ್ಲಿ ಹುರುಳಿದೆ, ಅದನ್ನು ಸರ್ಕಾರ ಕೇಳಿಸಿಕೊಳ್ಳಬೇಕು. ಆದರೂ ಅದರ ಕಲಿಕಾ ಏಣಿಯನ್ನು ಗಮನಿಸಿ: ಪ್ರತಿ ಮಗು ತಾನು ನಿಂತ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಹೊಸದನ್ನು ಕಲಿಯುವವರು ಶಿಕ್ಷಕರ ಪೂರ್ಣ ನೆರವಿನ ‘ತಟ್ಟೆ’ ಎಂಬ ಗುಂಪಿನಲ್ಲಿ, ಅಭ್ಯಾಸ ಮಾಡುವವರು ಗೆಳೆಯರ ನೆರವಿನ ತಟ್ಟೆಯಲ್ಲಿ, ಬಂದವರು ಸ್ವಕಲಿಕೆಯ ತಟ್ಟೆಯಲ್ಲಿ ಕೂರುತ್ತಾರೆ. ಯಾರಿಗೆ ಏನು ಬರುವುದಿಲ್ಲ ಎಂಬುದು ಅವರು ಕುಳಿತ ಜಾಗದಿಂದಲೇ ಶಿಕ್ಷಕಿಗೆ ಕಾಣುತ್ತದೆ, ಆಕೆ ಚಾಪೆಯ ಮೇಲೆ ಮೊದಲು ಹೋಗಿ ಕೂರುವುದೂ ಬಾರದವರ ಬಳಿಯೇ.