ಮಲಪ್ರವೃತ್ತಿ: ಶುಶ್ರೂಷಕರ ಪ್ರಶ್ನೆಯೂ ರೋಗಿಯ ಉತ್ತರವೂ

ಮಲಮೂತ್ರಗಳ ಮಾತು ನಾಲ್ವರ ನಡುವೆ ಆಡತಕ್ಕದ್ದಲ್ಲವೆಂಬ ಭಾವನೆ ನಮ್ಮ ಜನರಲ್ಲಿ ಬಲವಾಗಿದೆ. ಆಸ್ಪತ್ರೆಯಲ್ಲಾದರೋ ಈ ಮಾತನ್ನು ಆಡದೆ ನಿರ್ವಾಹವಿಲ್ಲ. ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಲ್ಲಾಗಲಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ತಾಲ್ಲೂಕು ಆಸ್ಪತ್ರೆಗಳಲ್ಲಾಗಲಿ ಇದನ್ನು ದಿನವೂ ಕೇಳಬೇಕಾದವರು ಶುಶ್ರೂಷಕರು. ಅವರು ಹೇಗೆ ಕೇಳಬೇಕು, ಯಾವುದನ್ನು ಸಹಜವೆಂದು ತಿಳಿಸಬೇಕು ಎಂಬುದನ್ನು ಇಲ್ಲಿ ವಿವೇಚಿಸುತ್ತೇವೆ.

ಮೊದಲು ಶಬ್ದದ ವಿಚಾರ. ‘ಮಲವಿಸರ್ಜನೆ’ ಪುಸ್ತಕದ ಮಾತು. ಆಸ್ಪತ್ರೆಯ ‘ಮೋಷನ್’ ಎಲ್ಲ ವೃದ್ಧರಿಗೂ ತಿಳಿಯದು. ಆಡುಮಾತು ಕ್ರಿಯೆಯನ್ನು ಮರೆಮಾಡಿ ಸ್ಥಳವನ್ನು ಮಾತ್ರ ಸೂಚಿಸುತ್ತದೆ: ‘ಹೊರಕಡೆ’, ‘ಬಯಲಕಡೆ’, ‘ಕೆರೆಕಡೆ’. ಇದರಲ್ಲಿ ಒಂದು ತೊಡಕುಂಟು. ಹೆಂಗಸರ ವಿಷಯದಲ್ಲಿ ‘ಹೊರಗಾಗುವುದು’ ಎಂದರೆ ಮುಟ್ಟಾಗುವುದು. ಮುಟ್ಟಾದವರು ಹಟ್ಟಿಯ ಹೊರಗಿರುವ ಪದ್ಧತಿಯುಳ್ಳ ಕಾಡುಗೊಲ್ಲರು ಈ ಸೀಮೆಯಲ್ಲಿರುವುದರಿಂದ ಆ ಮಾತಿನ ಭಾರ ಇನ್ನೂ ಹೆಚ್ಚು. ಗಂಡಸರ ಎದುರಿಗೆ ‘ಹೊರಗಾಯಿತೇನಮ್ಮ?’ ಎಂದು ಕೇಳಿದರೆ ಆಕೆ ತಲೆತಗ್ಗಿಸಿ ಸುಮ್ಮನಾದಾಳು. ‘ಅಮ್ಮ, ಎರಡಕ್ಕೆ ಹೋಗಿದ್ದಿರಾ?’ ಎಂದು ಮೆಲುದನಿಯಲ್ಲಿ ಕೇಳಿ, ಆಕೆ ಬಳಸುವ ಶಬ್ದವನ್ನೇ ಮುಂದೆ ತಾವೂ ಬಳಸುವುದು ಉಚಿತ.

ಎರಡನೆಯದು ಪ್ರಶ್ನೆಯ ರೀತಿ. ‘ಸರಿಯಾಗಿ ಆಗುತ್ತಿದೆಯೇ?’ ಎಂದರೆ ‘ಹೂಂ’ ಎಂಬ ಉತ್ತರ ಬರುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. ಎಷ್ಟು ಸಲ, ಯಾವ ರೂಪದಲ್ಲಿ, ಮೊದಲಿಗಿಂತ ಏನು ವ್ಯತ್ಯಾಸ ಎಂದು ಮೂರಾಗಿ ಬಿಡಿಸಿ ಕೇಳಬೇಕು. ದಿನಕ್ಕೆ 3 ಸಲದಿಂದ ವಾರಕ್ಕೆ 3 ಸಲದವರೆಗೆ ಸಹಜವೆಂದು ವೈದ್ಯರು ಒಪ್ಪುತ್ತಾರೆ. ರೂಪವನ್ನು ತಿಳಿಯಲು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ರೂಪುಗೊಂಡು 1997ರಲ್ಲಿ ಪ್ರಸಿದ್ಧವಾದ ಏಳು ಬಗೆಗಳ ಪಟ್ಟಿಯಿದೆ. ನಮ್ಮ ರೋಗಿಯನ್ನು ‘ಆಡಿನ ಹಿಕ್ಕೆಯಂತೆಯೋ, ಬಾಳೆಹಣ್ಣಿನಂತೆಯೋ, ಅಂಬಲಿಯಂತೆಯೋ, ಬರಿಯ ನೀರೋ?’ ಎಂದು ಕೇಳಿದರೆ ಅದೇ ಕೆಲಸ ಸಾಧಿಸುತ್ತದೆ.

ಹೀಗೆ ಕೇಳುವುದರಿಂದ ಆಗುವ ಪ್ರಯೋಜನ ಸಣ್ಣದಲ್ಲ. ಪ್ರತಿದಿನ ಬೆಳಿಗ್ಗೆ ಆಗಲೇಬೇಕೆಂದು ನಂಬಿದವರು ಒಂದು ದಿನ ತಪ್ಪಿದರೂ ಹರಳೆಣ್ಣೆಯನ್ನೋ ಭೇದಿಮಾತ್ರೆಯನ್ನೋ ಹುಡುಕುತ್ತಾರೆ. ಅತಿಯಾದ ಭೇದಿಯಿಂದ ದೇಹದ ನೀರೂ ಲವಣಗಳೂ ನಷ್ಟವಾಗುತ್ತವೆ. ಗರ್ಭಿಣಿಯರಿಗೆ ಕೊಡುವ ಕಬ್ಬಿಣಾಂಶದ ಮಾತ್ರೆಯಿಂದ ಮಲ ಕಪ್ಪಾಗಬಹುದು, ಗಟ್ಟಿಯಾಗಬಹುದು. ಇದನ್ನು ಮೊದಲೇ ಹೇಳದಿದ್ದರೆ ಹೆದರಿ ಮಾತ್ರೆಯನ್ನೇ ಬಿಡುವವರುಂಟು. ರಕ್ತಹೀನತೆ ಹಾಗೆಯೇ ಉಳಿಯುತ್ತದೆ. ಆದರೆ ಡಾಂಬರಿನಂತೆ ಅಂಟಂಟಾಗಿ ದುರ್ವಾಸನೆಯಿಂದ ಕೂಡಿದ ಕಪ್ಪುಮಲವಾಗಲಿ, ಮಲದಲ್ಲಿ ರಕ್ತವಾಗಲಿ ಕಂಡರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕೆಂಬುದನ್ನೂ ಜೊತೆಗೇ ಹೇಳಬೇಕು.

ಸಂಖ್ಯೆಯೊಂದೇ ಸಾಲದೆಂಬುದಕ್ಕೆ ಇನ್ನೊಂದು ನಿದರ್ಶನ. ಗಟ್ಟಿರೂಪದಲ್ಲಿ ದಿನಕ್ಕೆ ಮೂರು ಸಲವಾದರೆ ಅದು ಕೆಲವರಿಗೆ ಸಹಜ. ನೀರಾಗಿ ಮೂರು ಸಲವಾದರೆ ವಿಶ್ವ ಆರೋಗ್ಯ ಸಂಸ್ಥೆಯ ಲಕ್ಷಣದಂತೆ ಅದು ಅತಿಸಾರ. ಲವಣ-ಸಕ್ಕರೆಯ ದ್ರಾವಣವನ್ನು ಕೂಡಲೇ ಕುಡಿಸಬೇಕು. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಅನೇಕರು ವಾಂತಿಭೇದಿಗೊಳಗಾದರು, ಕೆಲವರು ಪ್ರಾಣ ಕಳೆದುಕೊಂಡರು. ಅಂಥ ಸಮಯದಲ್ಲಿ ಸಂಕೋಚದಿಂದ ಮುಚ್ಚಿಟ್ಟ ಒಂದು ಮಾತು ಪ್ರಾಣಕ್ಕೇ ಎರವಾಗಬಹುದು.

ಆದುದರಿಂದ ಸಹಜವೆಂಬುದು ಎಲ್ಲರಿಗೂ ಒಂದೇ ಅಳತೆಯಲ್ಲ; ರೋಗಿಯ ಎಂದಿನ ಅಭ್ಯಾಸವೇ ಅದಕ್ಕೆ ಮೊದಲ ಅಳತೆಗೋಲು. ಆ ಅಭ್ಯಾಸವನ್ನು ರೋಗಿಯ ಬಾಯಿಂದಲೇ ತಿಳಿಯಬೇಕು. ನಾಚಿಕೆಗೆ ಎಡೆಗೊಡದ ಶಬ್ದವನ್ನು ಆರಿಸಿಕೊಳ್ಳುವುದೂ ಶುಶ್ರೂಷೆಯ ಒಂದು ಅಂಗವೆಂದೇ ನಾವು ಭಾವಿಸುತ್ತೇವೆ.