ಉರಿಯೂತದ ಜಾಡು ಹಿಡಿಯುವ ಬೆಳಕು

ಗಾಯವೋ ಸೋಂಕೋ ಆದ ಜಾಗಕ್ಕೆ ರಕ್ತದ ಬಿಳಿಕಣಗಳು ಧಾವಿಸಿ ಬಂದು, ಅಲ್ಲಿ ಬಾವು, ಕೆಂಪು, ಬಿಸಿ ಮತ್ತು ನೋವು ಕಾಣಿಸಿಕೊಳ್ಳುವ ದೇಹದ ರಕ್ಷಣಾಕ್ರಮವೇ ಉರಿಯೂತ. ಸಂಧಿವಾತದಂಥ ಕಾಯಿಲೆಗಳಲ್ಲಿ ಅದು ಶಮನವಾಗದೆ ಉಳಿದು ಕೀಲುಗಳನ್ನೇ ಸವೆಸತೊಡಗುತ್ತದೆ. ಇಂಥ ಕಾಯಿಲೆಯನ್ನು ಇಲಿಗಳಲ್ಲಿ ಉಂಟುಮಾಡಿ ಔಷಧಗಳನ್ನು ಪರೀಕ್ಷಿಸುವವರು ಬಹುಕಾಲ ಪಾದದ ಊತವನ್ನು ಹೊರಗಿನಿಂದ ಅಳೆಯುತ್ತಿದ್ದರು, ಇಲ್ಲವೇ ಗೊತ್ತುಪಡಿಸಿದ ದಿನಗಳಂದು ಒಂದೊಂದು ಗುಂಪನ್ನು ಕೊಂದು ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು. ಎರಡನೆಯ ಕ್ರಮ ಖಚಿತವಾದದ್ದೇ ಆದರೂ, ಒಂದೇ ಪ್ರಾಣಿಯಲ್ಲಿ ಕಾಯಿಲೆ ಏರಿ ಇಳಿಯುವುದನ್ನು ಕಾಣುವ ಅವಕಾಶ ಅದರಲ್ಲಿರಲಿಲ್ಲ.

ಆ ಅವಕಾಶವನ್ನು ತೆರೆದದ್ದು ಬೆಳಕು. ಬೆಳಕು ಸೂಸುವಂತೆ ಮಾರ್ಪಡಿಸಿದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾಗಳನ್ನು ಜೀವಂತ ಇಲಿಯ ದೇಹದೊಳಗೆ ಹೊರಗಿನಿಂದಲೇ ಗುರುತಿಸಬಹುದೆಂಬುದು 1995ರಲ್ಲಿ ಸಾಬೀತಾಯಿತು. ಉರಿಯೂತದ ಮಟ್ಟಿಗೆ ಹೆಚ್ಚು ನೇರವಾದ ಹೆಜ್ಜೆ 2009ರದು: ಅಪರಾಧ ಸ್ಥಳದಲ್ಲಿ ರಕ್ತದ ಕಲೆ ಪತ್ತೆಹಚ್ಚಲು ಬಳಸುವ ಲ್ಯುಮಿನಾಲ್ ರಾಸಾಯನಿಕವನ್ನು ಇಲಿಗಳಿಗೆ ಚುಚ್ಚಿದ ಅಮೆರಿಕದ ಸಂಶೋಧಕರು, ಉರಿಯೂತವಿದ್ದ ಚರ್ಮ ಮತ್ತು ಕೀಲುಗಳಿಂದ ಹೊಮ್ಮಿದ ಮಂದ ನೀಲಿ ಬೆಳಕನ್ನು ಅತಿಸೂಕ್ಷ್ಮ ಕ್ಯಾಮೆರಾದಲ್ಲಿ ದಾಖಲಿಸಿದರು. ನ್ಯೂಟ್ರೊಫಿಲ್ ಎಂಬ ಬಿಳಿಕಣಗಳಲ್ಲಿ ಹೇರಳವಾಗಿರುವ ಮೈಲೊಪೆರಾಕ್ಸಿಡೇಸ್ ಎಂಬ ಕಿಣ್ವವೇ ಈ ಬೆಳಕಿಗೆ ಕಾರಣವಾಗಿದ್ದು, ಆ ಕಿಣ್ವವಿಲ್ಲದ ಇಲಿಗಳಲ್ಲಿ ಬೆಳಕು ಕಾಣಲಿಲ್ಲವೆಂಬ ಅಂಶವೇ ಇಡೀ ಪ್ರಯೋಗಕ್ಕೆ ಬಲ ತಂದಿತು.

ಆದರೆ ನೀಲಿ ಬೆಳಕನ್ನು ರಕ್ತದ ಹಿಮೋಗ್ಲೋಬಿನ್ ಬೇಗ ಹೀರಿಕೊಳ್ಳುವುದರಿಂದ ಆಳದ ಅಂಗಗಳ ಸುದ್ದಿ ಹೊರಗೆ ತಲುಪುವುದು ಕಷ್ಟ. ಕಪ್ಪು ರೋಮವಂತೂ ಇನ್ನಷ್ಟನ್ನು ನುಂಗುತ್ತದೆ. ಅದಕ್ಕಾಗಿ ಸುಮಾರು 650ರಿಂದ 900 ನ್ಯಾನೊಮೀಟರ್ ತರಂಗಾಂತರದ, ಅಂದರೆ ಕಡುಗೆಂಪು ಮತ್ತು ಅದರಾಚೆಗಿನ ಸಮೀಪ ಅವಕೆಂಪು ಬೆಳಕಿನ, ಹೊಳೆಯುವ ವರ್ಣದ್ರವ್ಯಗಳನ್ನು ಬಳಸುತ್ತಾರೆ. ಇವುಗಳಲ್ಲಿ ಕೆಲವು, ಉರಿಯೂತದಲ್ಲಿ ಹೆಚ್ಚುವ ಕ್ಯಾಥೆಪ್ಸಿನ್ ಕಿಣ್ವಗಳು ತಮ್ಮನ್ನು ಕತ್ತರಿಸುವವರೆಗೆ ಹೆಚ್ಚುಕಡಿಮೆ ನಂದಿದಂತೆಯೇ ಇದ್ದು, ಕತ್ತರಿಸಿದ ಮೇಲೆ ಪ್ರಜ್ವಲಿಸುತ್ತವೆ.

ವಿಲಿಯಂ ರಸೆಲ್ ಮತ್ತು ರೆಕ್ಸ್ ಬರ್ಚ್ 1959ರಲ್ಲಿ ಮುಂದಿಟ್ಟ, ಪ್ರಯೋಗಪ್ರಾಣಿಗಳ ಸಂಖ್ಯೆಯನ್ನೂ ಸಂಕಟವನ್ನೂ ತಗ್ಗಿಸಬೇಕೆಂಬ ತತ್ವಕ್ಕೆ ಈ ವಿಧಾನ ನಿಜವಾದ ನೆರವು ನೀಡುತ್ತದೆ. ಪ್ರತಿ ಹಂತಕ್ಕೂ ಹೊಸ ಗುಂಪನ್ನು ಬಲಿಕೊಡಬೇಕಾಗಿಲ್ಲವೆಂಬುದು ಸಣ್ಣ ಲಾಭವಲ್ಲ. ಆದರೂ ಕ್ಯಾಮೆರಾ ಅಳೆಯುವುದು ಒಂದು ಕಿಣ್ವದ ಚಟುವಟಿಕೆಯನ್ನು, ಕಾಯಿಲೆಯನ್ನಲ್ಲ. ಲ್ಯುಮಿನಾಲ್ ಬೆಳಗಲು ಬೇಕಾದ ಉತ್ಕರ್ಷಣವನ್ನು (ಆಕ್ಸಿಡೀಕರಣವನ್ನು) ತಡೆಯುವ ಔಷಧವೊಂದು ಉರಿಯೂತವನ್ನು ಕಿಂಚಿತ್ತೂ ಇಳಿಸದೆ ಲ್ಯುಮಿನಾಲಿನ ಬೆಳಕನ್ನಷ್ಟೇ ಆರಿಸಿಬಿಡಬಹುದು. ಆದ್ದರಿಂದ ಅಂಗಾಂಶ ಪರೀಕ್ಷೆಯ ಸಾಕ್ಷ್ಯ ಜೊತೆಗಿರದೆ, ಬೆಳಕು ಕುಗ್ಗಿತೆಂಬ ಒಂದೇ ಆಧಾರದ ಮೇಲೆ ಔಷಧ ಫಲಿಸಿತೆನ್ನುವ ವರದಿಯನ್ನು ಒಪ್ಪಲಾಗದು.