ಗಾಳಕ್ಕೆ ದಾರ ಸುತ್ತಿ ‘ನಕಲಿ ಸೊಳ್ಳೆ’ ಮಾಡ್ತಾರಾ? ಆ ವಿಡಿಯೋದಲ್ಲಿರುವುದು ಸೊಳ್ಳೆಯೇ ಅಲ್ಲ

ಇಂಥದ್ದೊಂದು ವಿಡಿಯೋ ನಿಮ್ಮ ಫೋನಿಗೂ ಬಂದಿರಬಹುದು. ಮೇಜಿನ ಮೇಲೆ ಒಂದು ಪುಟ್ಟ ಇಕ್ಕಳ, ಅದರ ಬಾಯಲ್ಲಿ ಅಕ್ಕಿಕಾಳಿನಷ್ಟು ಉದ್ದದ ಮೀನಿನ ಗಾಳ. ಒಬ್ಬರು ಅದಕ್ಕೆ ಕಪ್ಪು ದಾರ ಸುತ್ತುತ್ತಾರೆ, ಅದರ ಮೇಲೆ ಬೆಳ್ಳಿ ಬಣ್ಣದ ತಂತಿ ಸುತ್ತುತ್ತಾರೆ, ಅಷ್ಟೇ. ಮುಂದಿನ ದೃಶ್ಯದಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು, ಅದೇ ಗಾಳದಿಂದ ಮೊಳದುದ್ದದ ಮೀನು ಎತ್ತುತ್ತಾರೆ. ಜೊತೆಗಿರುವ ಸಾಲು ಒಂದೊಂದು ಗ್ರೂಪಿನಲ್ಲಿ ಒಂದೊಂದು ಥರ. “ಫಾರಿನ್‌ನಲ್ಲಿ ನಕಲಿ ಸೊಳ್ಳೆ ತಯಾರಿ” ಅಂತ ಒಂದು ಕಡೆ, “ದಾರಕ್ಕೆ ಕೆಮಿಕಲ್ ಹಚ್ಚಿ ಮೀನು ಹಿಡಿಯುತ್ತಾರೆ” ಅಂತ ಇನ್ನೊಂದು ಕಡೆ.

ಮೀನಿಗೆ ಮೋಸ ಆಗುವುದಂತೂ ನಿಜ. ಆದರೆ ಅದಕ್ಕೆ ಕೆಮಿಕಲ್ ಬೇಕಿಲ್ಲ, ಅದು ಸೊಳ್ಳೆಯೂ ಅಲ್ಲ. ಈ ‘ಸೊಳ್ಳೆ’ ಎಂಬ ತಪ್ಪು ನಮ್ಮ ಮನೆಯ ಸಂಪಿನವರೆಗೂ ಬರುವುದರಿಂದ ಸ್ವಲ್ಪ ಬಿಡಿಸಿ ನೋಡೋಣ.

ಹಾಗಾದರೆ ಅದು ಯಾವ ಹುಳು?

ಅದರ ಹೆಸರು ಮಿಡ್ಜ್. ವಿಜ್ಞಾನದಲ್ಲಿ ಕೈರೊನೊಮಿಡ್ ಎನ್ನುತ್ತಾರೆ. ಸಂಜೆ ಹೊತ್ತು ಕೆರೆ ಏರಿಯ ಮೇಲೆ ತಲೆಯ ಎತ್ತರದಲ್ಲಿ ಹೊಗೆಯಂತೆ ಸುತ್ತುವ ಹುಳುಗಳ ಗುಂಪು ನೋಡಿರುತ್ತೀರಿ, ಬಹಳಷ್ಟು ಸಲ ಅದು ಇದೇ. ನೋಡಲು ಥೇಟ್ ಸೊಳ್ಳೆ. ಆದರೆ ಚುಚ್ಚುವ ಉದ್ದ ಸೂಜಿಮೂತಿ ಇಲ್ಲ, ರಕ್ತ ಕುಡಿಯುವುದಿಲ್ಲ. ರೆಕ್ಕೆ ಬಂದ ಮೇಲೆ ಬದುಕುವುದೇ ಕೆಲವು ದಿನ. ಜೀವನದ ಬಹುಭಾಗ ನೀರಿನ ತಳದ ಕೆಸರಿನಲ್ಲಿ ಲಾರ್ವಾ ಆಗಿಯೇ ಕಳೆಯುತ್ತದೆ. ಆಮೇಲೆ ಪ್ಯೂಪಾ ಆಗುತ್ತದೆ, ಅಂದರೆ ಹುಳುವಿನಿಂದ ರೆಕ್ಕೆಯ ಕೀಟವಾಗಿ ಬದಲಾಗುವ ನಡುವಿನ ಅವಸ್ಥೆ. ಚರ್ಮದ ಒಳಗೆ ಗಾಳಿ ತುಂಬಿಕೊಂಡು ಆ ಪ್ಯೂಪಾ ನಿಧಾನವಾಗಿ ಮೇಲೇರುತ್ತದೆ, ನೀರಿನ ಮೇಲ್ಪದರದಲ್ಲಿ ಚರ್ಮ ಒಡೆದು ಹೊರಬಂದು ಹಾರಿಹೋಗುತ್ತದೆ.

ವಿಡಿಯೋದಲ್ಲಿ ದಾರ ಸುತ್ತಿ ಮಾಡುವುದು ಈ ಪ್ಯೂಪಾದ ನಕಲು. ಮೀನುಗಾರರ ಭಾಷೆಯಲ್ಲಿ ಅದಕ್ಕೆ ‘ಫ್ಲೈ’ ಎಂದು ಹೆಸರು, ಮಾಡುವುದನ್ನು ಫ್ಲೈ ಕಟ್ಟುವುದು ಎನ್ನುತ್ತಾರೆ.

ಒಂದೊಂದು ಸುತ್ತಿಗೂ ಕಾರಣ ಇದೆ

ಹೆಚ್ಚು ಹೆಸರಾದ ಮಾದರಿ ‘ಜೀಬ್ರಾ ಮಿಡ್ಜ್’. ಬೇಕಾದ ಸಾಮಾನು ನಾಲ್ಕೇ: ಗಾಳ, ಮಣಿ, ದಾರ, ತಂತಿ. ಗಾಳಕ್ಕೆ 18, 20, 22 ಎಂದು ನಂಬರ್ ಇರುತ್ತದೆ, ನಂಬರ್ ದೊಡ್ಡದಾದಷ್ಟು ಗಾಳ ಚಿಕ್ಕದು. ಮೊದಲು ಗಾಳದ ಮೊನೆಯಿಂದ ಒಂದು ಸಣ್ಣ ಬೆಳ್ಳಿ ಬಣ್ಣದ ಲೋಹದ ಮಣಿ ಪೋಣಿಸಿ ತಲೆಯ ಕಡೆಗೆ ತಳ್ಳುತ್ತಾರೆ. ಇದರಿಂದ ಭಾರ ಬಂದು ಫ್ಲೈ ಮುಳುಗುತ್ತದೆ. ಜೊತೆಗೆ ಅದರ ಹೊಳಪು ಪ್ಯೂಪಾದ ಚರ್ಮದಡಿಯ ಗಾಳಿಗುಳ್ಳೆಯಂತೆ ಕಾಣುತ್ತದೆ.

ಆಮೇಲೆ ಮಣಿಯ ಹಿಂದಿನಿಂದ ದಾರ ಸುತ್ತುತ್ತಾ, ತೆಳುವಾದ ತಂತಿಯನ್ನೂ ಅದರಡಿ ಸೇರಿಸಿಕೊಂಡು, ಗಾಳ ಬಾಗುವ ಜಾಗದವರೆಗೆ ಹೋಗಿ ಮತ್ತೆ ಮುಂದಕ್ಕೆ ಬರುತ್ತಾರೆ. ಹೊಸಬರು ತಪ್ಪುವುದು ಇಲ್ಲೇ. ದಾರ ಸುತ್ತುತ್ತಾ ಹೋದಂತೆ ಹುರಿಗೊಳ್ಳುತ್ತದೆ, ಹುರಿಯಾದ ದಾರ ಗಂಟುಗಂಟಾಗಿ ಕೂರುತ್ತದೆ, ಮೈ ದಪ್ಪವಾಗುತ್ತದೆ. ನಿಜವಾದ ಪ್ಯೂಪಾ ಎದೆಯ ಹತ್ತಿರ ಮಾತ್ರ ಉಬ್ಬಿದ್ದು ಉಳಿದಂತೆ ಕಡ್ಡಿಯಂತೆ ಸಣ್ಣ. ಅದಕ್ಕೇ ಪಳಗಿದವರು ನಡುನಡುವೆ ದಾರದ ಉಂಡೆಯನ್ನು ತೂಗಾಡಲು ಬಿಟ್ಟು ಹುರಿ ಬಿಚ್ಚಿಕೊಳ್ಳುತ್ತಾರೆ. ಆಗ ದಾರ ಪಟ್ಟಿಯಂತೆ ಚಪ್ಪಟೆಯಾಗಿ ಕೂರುತ್ತದೆ.

ಕೊನೆಗೆ ಆ ತಂತಿಯನ್ನು ದಾರ ಸುತ್ತಿದ ದಿಕ್ಕಿಗೆ ವಿರುದ್ಧವಾಗಿ, ಸಮ ಅಂತರದಲ್ಲಿ ಐದಾರು ಸುತ್ತು ಹಾಕುತ್ತಾರೆ. ಅದೇ ದಿಕ್ಕಿನಲ್ಲಿ ಸುತ್ತಿದರೆ ತಂತಿ ದಾರದ ಎಳೆಗಳ ನಡುವೆ ಹೂತುಹೋಗುತ್ತದೆ. ವಿರುದ್ಧ ಸುತ್ತಿದರೆ ಮೇಲೆ ಎದ್ದು ಕಾಣುತ್ತದೆ, ಮೀನಿನ ಹಲ್ಲಿಗೆ ದಾರ ಹರಿಯದಂತೆ ಕಾಯುತ್ತದೆ. ಈ ಪಟ್ಟೆಗಳೇ ಪ್ಯೂಪಾದ ಹೊಟ್ಟೆಯ ಉಂಗುರಗಳು. ಮಣಿಯ ಹಿಂದೆ ದಾರದ ನಾಲ್ಕು ಸುತ್ತು ಹೆಚ್ಚಿಗೆ ಹಾಕಿದರೆ ಎದೆಯ ಉಬ್ಬು. ಗಂಟು ಹಾಕಿ, ಗಂಟು ಬಿಚ್ಚದಿರಲಿ ಎಂದು ಒಂದು ಹನಿ ವಾರ್ನಿಷ್ ಇಟ್ಟರೆ ಮುಗಿಯಿತು. ವಿಡಿಯೋದಲ್ಲಿ ‘ಕೆಮಿಕಲ್’ ಎಂದು ಬಾಣದ ಗುರುತು ಹಾಕಿದ್ದರೆ ಅದು ಬಹುಶಃ ಈ ಹನಿಯೇ!

ಕೆಲವರು ತಲೆಯ ಬಳಿ ಬಿಳಿ ನೂಲಿನ ಚಿಕ್ಕ ಕುಚ್ಚು ಕಟ್ಟುತ್ತಾರೆ. ಅದು ಅಲಂಕಾರವಲ್ಲ, ಪ್ಯೂಪಾ ಉಸಿರಾಡುವ ಬಿಳಿ ಎಳೆಗಳ ನಕಲು. ಇಷ್ಟು ಸೂಕ್ಷ್ಮ ಜನರಿಗೆ ಹೇಗೆ ತಿಳಿಯಿತು? ಮೀನಿನ ಹೊಟ್ಟೆ ನೋಡಿ. ಇಂಗ್ಲೆಂಡಿನ ಬ್ಲ್ಯಾಗ್ಡನ್ ಕೆರೆಯಲ್ಲಿ ಸುಮಾರು 1920ರ ದಶಕದಲ್ಲಿ ಡಾ. ಬೆಲ್ ಎಂಬ ವೈದ್ಯರು, ಹಿಡಿದ ಟ್ರೌಟ್ ಮೀನುಗಳ ಹೊಟ್ಟೆಯಲ್ಲಿ ಏನಿದೆ ಎಂದು ನೋಡಿ ಅದರಂತೆ ಫ್ಲೈ ಕಟ್ಟುತ್ತಿದ್ದರು.

ವಾಸನೆಯೇ ಇಲ್ಲದ ದಾರಕ್ಕೆ ಮೀನು ಬಾಯಿ ಹಾಕುವುದೇಕೆ?

ನಾವು ಎರೆಹುಳು, ಹಿಟ್ಟಿನ ಉಂಡೆ ಸಿಕ್ಕಿಸುವುದನ್ನು ನೋಡಿದವರು, ಹಾಗಾಗಿ ಈ ಅನುಮಾನ ಸಹಜ. ಹರಿಯುವ ತಿಳಿನೀರಿನಲ್ಲಿ ಟ್ರೌಟ್ ಹೆಚ್ಚಾಗಿ ಕಣ್ಣಿನಿಂದಲೇ ಬೇಟೆ ಆಡುತ್ತದೆ. ಮಿಡ್ಜ್ ಪ್ಯೂಪಾಗಳು ಒಂದೇ ಹೊತ್ತಿಗೆ ಸಾವಿರಗಟ್ಟಲೆ ಏಳುತ್ತವೆ, ತಪ್ಪಿಸಿಕೊಂಡು ಓಡಲಾರವು. ಮೀನು ಒಂದೇ ಕಡೆ ನಿಂತು, ಎದುರಿಗೆ ತೇಲಿ ಬಂದದ್ದನ್ನು ಒಂದೊಂದಾಗಿ ಬಾಯಿಗೆ ಎಳೆದುಕೊಳ್ಳುತ್ತದೆ. ಪ್ರತಿಯೊಂದನ್ನೂ ಪರೀಕ್ಷಿಸುತ್ತಾ ಕೂತರೆ ಹೊಟ್ಟೆ ತುಂಬುವುದಿಲ್ಲ. ಗಾತ್ರ, ಆಕಾರ, ತೇಲುವ ರೀತಿ ಸರಿ ಇದ್ದರೆ ಸಾಕು. ಬಾಯಿಗೆ ಹಾಕಿಕೊಂಡ ಮೇಲೆ ತಿನ್ನುವಂಥದ್ದಲ್ಲ ಎಂದು ತಿಳಿದು ಕ್ಷಣಾರ್ಧದಲ್ಲಿ ಉಗಿಯುತ್ತದೆ. ಹಿಡಿಯುವವರಿಗೆ ಸಿಗುವುದು ಆ ಕ್ಷಣ ಮಾತ್ರ, ಅದಕ್ಕೇ ದಾರಕ್ಕೆ ಕಟ್ಟಿದ ಬಣ್ಣದ ತೇಲುಬೆಂಡಿನಿಂದ ಕಣ್ಣು ಕೀಳುವುದಿಲ್ಲ.

ಈ ಹುಳುವಿಗಾಗಿ ಅಣೆಕಟ್ಟೆಯ ನೀರು ಬಿಡುವ ರೀತಿಯೇ ಬದಲಾಯಿತು

ಜೀಬ್ರಾ ಮಿಡ್ಜ್ ಹುಟ್ಟಿದ್ದು ಅಮೆರಿಕದ ಅರಿಜೋನಾದಲ್ಲಿ, ಕೊಲೊರಾಡೊ ನದಿಯ ಲೀಸ್ ಫೆರಿ ಎಂಬಲ್ಲಿ ಎನ್ನುತ್ತಾರೆ. ಅದರ ಮೇಲ್ಗಡೆ ಗ್ಲೆನ್ ಕ್ಯಾನ್ಯನ್ ಅಣೆಕಟ್ಟೆ ಇದೆ. 1963ರಲ್ಲಿ ಅಲ್ಲಿ ನೀರು ನಿಲ್ಲಿಸಲು ಶುರು ಮಾಡಿದ ಮೇಲೆ, ಕೆಸರು ತುಂಬಿ ಹರಿಯುತ್ತಿದ್ದ ನದಿ ಅಣೆಕಟ್ಟೆಯ ಕೆಳಗೆ ತಣ್ಣಗೆ, ತಿಳಿಯಾಗಿ ಹರಿಯತೊಡಗಿತು. ಟ್ರೌಟ್‌ಗೆ ಅದು ಹಿಡಿಸಿತು. ಆದರೆ ವಿದ್ಯುತ್ ಬೇಡಿಕೆಗೆ ತಕ್ಕಂತೆ ನೀರು ಬಿಡುವುದರಿಂದ ನದಿಯ ಮಟ್ಟ ದಿನವೂ ಏರಿ ಇಳಿಯುತ್ತದೆ. ದಡದ ಕಲ್ಲುಗಳಿಗೆ ಅಂಟಿಸಿ ಮೊಟ್ಟೆ ಇಡುವ ಕೀಟಗಳ ಮೊಟ್ಟೆ, ನೀರು ಇಳಿದಾಗ ಒಣಗಿ ಸಾಯುತ್ತದೆ. ಅಲ್ಲಿ ಮೀನಿಗೆ ಉಳಿದ ಕೀಟಾಹಾರದಲ್ಲಿ ಮಿಡ್ಜ್‌ನದೇ ದೊಡ್ಡ ಪಾಲು. ದಾರ, ತಂತಿಯ ಈ ಪುಟ್ಟ ಫ್ಲೈ ಅಲ್ಲಿ ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದಕ್ಕೆ ಹಿನ್ನೆಲೆ ಇದು.

2018ರ ಬೇಸಿಗೆಯಲ್ಲಿ ಅಲ್ಲೊಂದು ಪ್ರಯೋಗ ನಡೆಯಿತು. ವಾರಾಂತ್ಯದಲ್ಲಿ ವಿದ್ಯುತ್ ಬೇಡಿಕೆ ಕಡಿಮೆ. ಆ ಎರಡು ದಿನ ನೀರನ್ನು ಕಡಿಮೆ ಮಟ್ಟದಲ್ಲಿ, ಏರಿಳಿತವಿಲ್ಲದೆ ಬಿಟ್ಟರು. ಆಗ ಇಟ್ಟ ಮೊಟ್ಟೆಗಳು ವಾರವಿಡೀ ನೀರಿನಡಿಯಲ್ಲೇ ಇರಲಿ ಎಂಬುದು ಲೆಕ್ಕ. ‘ಸೊಳ್ಳೆಯಂಥದ್ದು’ ಎಂದು ನಾವು ಹೊಡೆದು ಹಾಕುವ ಹುಳುಗಳನ್ನು ಹೆಚ್ಚಿಸಲು ಅಲ್ಲಿ ಇಷ್ಟು ಪಾಡು!

ನಿಮ್ಮ ಸಂಪಿನ ಕೆಂಪು ಹುಳು

ಕೆಂಪು ದಾರದಲ್ಲೂ ಈ ಫ್ಲೈ ಕಟ್ಟುತ್ತಾರೆ. ಯಾಕೆಂದರೆ ಹಲವು ಮಿಡ್ಜ್ ಲಾರ್ವಾಗಳು ರಕ್ತಗೆಂಪು. ನಮ್ಮ ರಕ್ತದಲ್ಲಿರುವಂಥದ್ದೇ ಹಿಮೋಗ್ಲೋಬಿನ್ ಅವುಗಳಲ್ಲೂ ಇದೆ, ಆಮ್ಲಜನಕ ಕಡಿಮೆ ಇರುವ ಕೆಸರಿನಲ್ಲಿ ಬದುಕಲು ಅದೇ ನೆರವು. ಅಕ್ವೇರಿಯಂ ಅಂಗಡಿಯಲ್ಲಿ ‘ಬ್ಲಡ್ ವರ್ಮ್’ ಎಂದು ಮಾರುವುದು ಇದನ್ನೇ. ಟ್ಯಾಂಕ್ ತಳದಲ್ಲಿ ಕಂಡಾಗ “ರಕ್ತ ಹೀರುವ ಹುಳು” ಎಂದು ಫಾರ್ವರ್ಡ್ ಆಗುವುದೂ ಇದೇ. ಅದು ರಕ್ತ ಹೀರುವುದಿಲ್ಲ, ನಮ್ಮ ಹೊಟ್ಟೆಯಲ್ಲಿ ಬೆಳೆಯುವುದೂ ಇಲ್ಲ.

ಗುರುತು ಹಿಡಿಯುವುದು ಸುಲಭ. ಸೊಳ್ಳೆಯ ಲಾರ್ವಾ ಉಸಿರಿಗಾಗಿ ನೀರಿನ ಮೇಲ್ಪದರಕ್ಕೆ ಬಂದು ನೇತಾಡುತ್ತದೆ, ಮಿಡ್ಜ್ ಲಾರ್ವಾ ತಳದಲ್ಲಿ ಕೊಂಕಾಡುತ್ತದೆ. ಗೋಡೆಯ ಮೇಲೆ ಕೂತಾಗ ಸೊಳ್ಳೆ ಸಾಮಾನ್ಯವಾಗಿ ಹಿಂಗಾಲು ಎತ್ತಿಕೊಂಡಿರುತ್ತದೆ, ಮಿಡ್ಜ್ ಮುಂಗಾಲು. ಒಂದು ಮಾತು ನೆನಪಿರಲಿ, ಮಿಡ್ಜ್ ಎಂಬ ಹೆಸರಿನವೆಲ್ಲ ಸಾಧುವಲ್ಲ. ಕುರಿಗಳಿಗೆ ನೀಲಿ ನಾಲಿಗೆ ರೋಗ ಹರಡುವ ಕ್ಯುಲಿಕಾಯ್ಡಿಸ್ ಎಂಬ ಕಚ್ಚುವ ಮಿಡ್ಜ್ ಬೇರೆ ಕುಟುಂಬದ್ದು, ನಮ್ಮ ಕುರಿಗಾಹಿಗಳಿಗೆ ಅದರ ಕಾಟ ಗೊತ್ತು.

ಸಂಪಿನಲ್ಲಿ ಕೆಂಪು ಹುಳು ಕಂಡರೆ ಗಾಬರಿಯಿಂದ ಕೀಟನಾಶಕ ಸುರಿಯಬೇಡಿ, ಅದು ಕುಡಿಯುವ ನೀರು. ನೀರು ಖಾಲಿ ಮಾಡಿ, ತಳದ ಕೆಸರು ತೆಗೆದು, ಉಜ್ಜಿ ತೊಳೆಯಿರಿ. ಮುಚ್ಚಳದ ಸಂದು ಮುಚ್ಚಿ, ಗಾಳಿ ಪೈಪಿನ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿ. ಮಿಡ್ಜ್ ಒಳಗೆ ಹೋಗಿ ಮೊಟ್ಟೆ ಇಟ್ಟ ಸಂದಿನಿಂದಲೇ ಡೆಂಗಿ ಹರಡುವ ಈಡಿಸ್ ಸೊಳ್ಳೆಯೂ ಹೋಗಬಲ್ಲದು.